ಬ್ರೌಸರಿನ ಪ್ರಶ್ನೆ, ಸರ್ವರಿನ ಉತ್ತರ

ಎರಡು ವರ್ಷಗಳ ಹಿಂದಿನ ಮಾತು. ಅಂದು ವಿದ್ಯಾರ್ಥಿವೇತನದ ಅರ್ಜಿಗೂ ಪರೀಕ್ಷಾ ಶುಲ್ಕಕ್ಕೂ ಕಡೆಯ ದಿನ. ನಾನೂ ನನ್ನ ಗೆಳೆಯನೊಬ್ಬನೂ ಬಸ್‌ಸ್ಟಾಂಡಿನ ಎದುರಿಗಿರುವ ಸೈಬರ್ ಸೆಂಟರಿನಲ್ಲಿ ಸಂಜೆಯಿಂದ ಸರದಿಗಾಗಿ ಕಾದು, ರಾತ್ರಿ ಎಂಟರ ಹೊತ್ತಿಗೆ ಅಕ್ಕಪಕ್ಕದ ಎರಡು ಕಂಪ್ಯೂಟರುಗಳ ಮುಂದೆ ಕುಳಿತೆವು. ನಾನು ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಿ ‘ಸಲ್ಲಿಸಿ’ ಎಂಬ ಗುಂಡಿಯನ್ನು ಒತ್ತಿದೆ. “ಅರ್ಜಿ ಯಶಸ್ವಿಯಾಗಿ ಸಲ್ಲಿಕೆಯಾಗಿದೆ” ಎಂದು ಹಸಿರು ಅಕ್ಷರಗಳಲ್ಲಿ ಬಂದಿತು. ಗೆಳೆಯನ ಪಾಡು ಬೇರೆ. ಅವನು ಶುಲ್ಕ ಕಟ್ಟುವ ಗುಂಡಿಯನ್ನು ಒತ್ತಿದ ಮೇಲೆ ಪುಟದ ನಡುವೆ ಚಕ್ರವೊಂದು ಸುತ್ತತೊಡಗಿತು, ಸುತ್ತುತ್ತಲೇ ಇದ್ದಿತು. ಸೆಂಟರಿನ ಹುಡುಗ, “ಇನ್ನೊಂದ್ಸಲ ಒತ್ತಿ ಅಣ್ಣ, ಸರ್ವರ್ ಬಿಜಿ ಇರ್ಬೇಕು” ಎಂದ. ಗೆಳೆಯ ಒತ್ತಿದ. ಸ್ವಲ್ಪ ಹೊತ್ತಿಗೆ ಅವನ ಮೊಬೈಲಿಗೆ ಬ್ಯಾಂಕಿನಿಂದ ಒಂದರ ಹಿಂದೆ ಒಂದು ಎರಡು ಸಂದೇಶಗಳು ಬಂದವು. ಶುಲ್ಕ ಎರಡು ಸಲ ಕಡಿತವಾಗಿದ್ದಿತು.

ಮುಂದಿನ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ವಿದ್ಯಾರ್ಥಿವೇತನದ ಪಟ್ಟಿ ಹೊರಬಿದ್ದಾಗ ಅದರಲ್ಲಿ ನನ್ನ ಹೆಸರಿರಲಿಲ್ಲ. ವಿಚಾರಿಸಿದರೆ, “ನಿಮ್ಮ ಅರ್ಜಿಯೇ ನಮಗೆ ಬಂದಿಲ್ಲವಲ್ಲ!” ಎಂದರು. ಗೆಳೆಯನಿಗೆ ಹೆಚ್ಚಾಗಿ ಹೋದ ಹಣ ಹಿಂದಿರುಗುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿದ್ದವು. ನಾವಿಬ್ಬರೂ ಎಲ್ಲರಂತೆ “ಸರ್ವರ್ ಕೆಟ್ಟಿತ್ತು” ಎಂದು ಶಪಿಸಿ ಸುಮ್ಮನಾದೆವು. ಮರುವರ್ಷ ಅದೇ ಅರ್ಜಿಯ ಮುಂದೆ ಕುಳಿತಿದ್ದಾಗ, ಕಂಪ್ಯೂಟರಿನ ವಿಷಯ ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿದ್ದರು. ಅವರು ಕೀಲಿಮಣೆಯ ಮೇಲಿನ ಎಫ್-೧೨ ಎಂಬ ಕೀಲಿಯನ್ನು ಒತ್ತಿ, ಪುಟದ ಕೆಳಗೆ ‘ನೆಟ್‌ವರ್ಕ್’ ಎಂಬ ಭಾಗವನ್ನು ತೆರೆದು ತೋರಿಸಿದರು. ಆ ಸಲವೂ ಹಸಿರು ಅಕ್ಷರಗಳೇ ಬಂದಿದ್ದವು. ಆದರೆ ಕೆಳಗೆ, ಸರ್ವರು ಕಳುಹಿಸಿದ ನಿಜವಾದ ಉತ್ತರದ ಮೇಲೆ ೫೦೩ ಎಂಬ ಸಂಖ್ಯೆ ಇದ್ದಿತು. “ಈಗ ನನ್ನಿಂದಾಗದು, ಆಮೇಲೆ ಬಾ” ಎಂದು ಅದರರ್ಥ. ಸರ್ವರು ನಿಜವನ್ನೇ ಹೇಳಿದ್ದಿತು. ಪುಟವು ಆ ಮಾತನ್ನು ಕೇಳಿಸಿಕೊಂಡಿರಲಿಲ್ಲ.

ಅಂದಿನಿಂದ ಈ ವಿಷಯದಲ್ಲಿ ನನಗೆ ಕುತೂಹಲ ಹುಟ್ಟಿತು. ಪ್ರಶ್ನೆಯನ್ನು ಕಳುಹಿಸುವುದಕ್ಕಿಂತ ಬಂದ ಉತ್ತರವನ್ನು ಸರಿಯಾಗಿ ತೆಗೆದುಕೊಳ್ಳುವುದು ಎಷ್ಟೋ ಕಷ್ಟವೆಂಬುದನ್ನು ಓದಿ, ಕೇಳಿ, ತಕ್ಕಮಟ್ಟಿಗೆ ಮಾಡಿಯೂ ನೋಡಿ ಅರಿತುಕೊಂಡೆ. ಅದನ್ನೇ ಇಲ್ಲಿ ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ. ಕಲಾ ವಿಭಾಗದವರಿಗೆ ಇದೇಕೆ ಎಂದು ಕೇಳಬಹುದು. ನಮ್ಮ ಅಂಕಪಟ್ಟಿ, ಶುಲ್ಕ, ಬಸ್ ಪಾಸು, ಕೆಲಸದ ಅರ್ಜಿ ಎಲ್ಲವೂ ಈಗ ಈ ದಾರಿಯಲ್ಲೇ ನಡೆಯಬೇಕಾಗಿರುವಾಗ, ದಾರಿಯ ಗುಂಡಿಗಳು ಎಲ್ಲಿವೆಯೆಂದು ತಿಳಿದಿರುವುದು ಎಲ್ಲರಿಗೂ ಒಳ್ಳೆಯದಲ್ಲವೆ?

ಮೊದಲು ಪಾತ್ರಗಳ ಪರಿಚಯವಾಗಲಿ. ನಮ್ಮ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಇದ್ದುಕೊಂಡು ಪುಟಗಳನ್ನು ತೋರಿಸುವ ಕ್ರಮವಿಧಿಗೆ ಬ್ರೌಸರು ಎಂದು ಹೆಸರು. ದೂರದಲ್ಲೆಲ್ಲೋ ಇದ್ದುಕೊಂಡು, ಕೇಳಿದವರಿಗೆ ಕೇಳಿದ್ದನ್ನು ಒದಗಿಸುವ ಕಂಪ್ಯೂಟರಿಗೆ ಸರ್ವರು ಎಂದು ಹೆಸರು. ೧೯೮೯ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ನಗರದ ಬಳಿಯ ಸರ್ನ್ ಸಂಸ್ಥೆಯಲ್ಲಿ ವೆಬ್ಬಿನ ಯೋಜನೆಯನ್ನು ಮುಂದಿಟ್ಟಾಗ ಇವೆರಡರ ನಡುವಣ ವ್ಯವಹಾರ ಬಹಳ ಸರಳವಾಗಿದ್ದಿತು. ಬ್ರೌಸರು ಒಂದು ಪುಟವನ್ನು ಕೇಳುತ್ತಿತ್ತು. ಸರ್ವರು ಇಡೀ ಪುಟವನ್ನು ಕಳುಹಿಸುತ್ತಿತ್ತು. ಮುಂದೆ ಅರ್ಜಿಗಳನ್ನು ತುಂಬುವ ಪುಟಗಳು ಬಂದಾಗಲೂ ಇದೇ ಪದ್ಧತಿ ನಡೆಯಿತು. ಒಂದು ಗುಂಡಿಯನ್ನು ಒತ್ತಿದರೆ ಹಳೆಯ ಪುಟ ಅಳಿಸಿಹೋಗಿ, ಬಿಳಿಯ ತೆರೆ ಕಂಡು, ಹೊಸ ಪುಟ ಮೂಡುತ್ತಿತ್ತು. ಇದರಲ್ಲಿ ಒಂದು ಅನುಕೂಲವಿದ್ದಿತು: ಸರ್ವರು ತಪ್ಪೆಂದರೆ ತಪ್ಪಿನ ಪುಟವೇ ಕಣ್ಣಿಗೆ ಬೀಳುತ್ತಿತ್ತು. ಮುಚ್ಚಿಡುವ ಮಧ್ಯವರ್ತಿ ಯಾರೂ ಇರಲಿಲ್ಲ.

ಅನನುಕೂಲವೂ ಅಷ್ಟೇ ದೊಡ್ಡದು. ಜಿಲ್ಲೆಯ ಹೆಸರನ್ನು ಆರಿಸಿದರೆ ಅದರ ತಾಲ್ಲೂಕುಗಳ ಪಟ್ಟಿ ಬರಬೇಕು; ಅಷ್ಟಕ್ಕೆ ಇಡೀ ಪುಟವೇ ಮತ್ತೆ ಬರಬೇಕಾಗುತ್ತಿತ್ತು. ಒಂದು ಚಮಚ ಉಪ್ಪಿಗಾಗಿ ಅಡಿಗೆಯನ್ನೆಲ್ಲ ಮತ್ತೆ ಮಾಡಿದಂತೆ. ೧೯೯೫ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಎಂಬವರು ಜಾವಾಸ್ಕ್ರಿಪ್ಟ್ ಭಾಷೆಯನ್ನು ರಚಿಸಿದ ಮೇಲೆ ಪುಟದೊಳಗೇ ಅಷ್ಟಿಷ್ಟು ಕೆಲಸ ಮಾಡಿಸುವುದು ಸಾಧ್ಯವಾಯಿತು. ಆದರೆ ಪುಟವನ್ನು ಅಳಿಸದೆ ಸರ್ವರಿನೊಂದಿಗೆ ಮಾತನಾಡುವ ನೆಟ್ಟಗಿನ ದಾರಿ ಇನ್ನೂ ಇರಲಿಲ್ಲ.

ಆ ದಾರಿ ಹುಟ್ಟಿದ್ದು ಮೈಕ್ರೋಸಾಫ್ಟ್ ಕಂಪನಿಯಲ್ಲಿ. ಔಟ್‌ಲುಕ್ ಎಂಬ ಟಪಾಲಿನ ಸೌಲಭ್ಯವನ್ನು ಬ್ರೌಸರಿನಲ್ಲೇ ಒದಗಿಸಬೇಕೆಂದು ಹೊರಟವರಿಗೆ, ಒಂದೊಂದು ಕಾಗದ ತೆರೆದಾಗಲೂ ಪುಟವೆಲ್ಲ ಅಳಿಸಿಹೋಗುವುದು ಹಿಡಿಸಲಿಲ್ಲ. ಅಲ್ಲಿನ ಅಲೆಕ್ಸ್ ಹಾಪ್‌ಮನ್ ಎಂಬವರು ಎಕ್ಸ್‌ಎಮ್‌ಎಲ್ಎಚ್‌ಟಿಟಿಪಿ ಎಂಬ ಸಾಧನದ ಮೊದಲ ರೂಪವನ್ನು ಬರೆದರು. ಅದು ೧೯೯೯ರ ಮಾರ್ಚ್ ತಿಂಗಳಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಐದನೆಯ ಆವೃತ್ತಿಯೊಂದಿಗೆ ಹೊರಬಂದಿತು. ಮೊಸಿಲ್ಲಾದವರು ೨೦೦೨ರ ಹೊತ್ತಿಗೆ ಇದೇ ಸೌಲಭ್ಯವನ್ನು ತಮ್ಮ ಬ್ರೌಸರಿಗೂ ತಂದರು. ಆದರೂ ಜನಸಾಮಾನ್ಯರ ಕಣ್ಣಿಗೆ ಇದು ಬಿದ್ದದ್ದು ೨೦೦೪ರ ಏಪ್ರಿಲ್‌ನಲ್ಲಿ ಜಿಮೇಲ್, ೨೦೦೫ರ ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ. ನಕ್ಷೆಯನ್ನು ಬೆರಳಿನಿಂದ ಎಳೆದಂತೆ ಎಳೆದರೆ ಅದು ಸರಿಯುತ್ತಿದ್ದುದನ್ನು ಕಂಡು ಜನ ಸೋಜಿಗಪಟ್ಟರು. ಅದೇ ತಿಂಗಳು ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ಒಂದು ಲೇಖನವನ್ನು ಬರೆದು ಈ ವಿಧಾನಕ್ಕೆ ‘ಏಜಾಕ್ಸ್’ ಎಂದು ಹೆಸರಿಟ್ಟರು. ಹೆಸರಿನ ಮೊದಲ ಅಕ್ಷರ ‘ಅಸಿಂಕ್ರೊನಸ್’ ಎಂಬ ಮಾತಿನದು. ನಮ್ಮ ಇಡೀ ಕಥೆಯ ಬೇರು ಅದೇ.

ಅಸಿಂಕ್ರೊನಸ್ ಎಂದರೇನು? ಫೋನಿಗೂ ಕಾಗದಕ್ಕೂ ಇರುವ ವ್ಯತ್ಯಾಸವನ್ನು ನೆನೆದರೆ ಸಾಕು. ಫೋನಿನಲ್ಲಿ ಪ್ರಶ್ನೆ ಕೇಳಿದವನು ಉತ್ತರ ಬರುವವರೆಗೆ ಕಿವಿಗೆ ಹಚ್ಚಿಕೊಂಡೇ ನಿಲ್ಲಬೇಕು. ಬೇರೆ ಕೆಲಸ ಮಾಡುವಂತಿಲ್ಲ. ಕಾಗದ ಬರೆದವನು ಹಾಗಲ್ಲ. ಡಬ್ಬಿಗೆ ಹಾಕಿ ಮನೆಗೆ ಬಂದು ತನ್ನ ಕೆಲಸದಲ್ಲಿ ತೊಡಗುತ್ತಾನೆ. “ಉತ್ತರ ಬಂದರೆ ನನ್ನನ್ನು ಕರೆಯಿರಿ” ಎಂದು ಮನೆಯವರಿಗೆ ಹೇಳಿರುತ್ತಾನೆ. ಬ್ರೌಸರಿನಲ್ಲಿ ಪುಟದ ಕೆಲಸವನ್ನೆಲ್ಲ ಮಾಡುವ ಗುಮಾಸ್ತ ಒಬ್ಬನೇ. ಅಕ್ಷರ ಮೂಡಿಸುವವನು, ಗುಂಡಿ ಒತ್ತಿದ್ದನ್ನು ಗಮನಿಸುವವನು, ಪಟ್ಟಿ ಸರಿಸುವವನು ಎಲ್ಲ ಅವನೇ. ಅವನು ಫೋನು ಹಿಡಿದು ನಿಂತರೆ ಪುಟವೆಲ್ಲ ಕಲ್ಲಾಗುತ್ತದೆ. ಆದ್ದರಿಂದ ಅವನು ಕಾಗದ ಹಾಕಿ, “ಉತ್ತರ ಬಂದಾಗ ಹೀಗೆ ಮಾಡು” ಎಂಬ ಟಿಪ್ಪಣಿಯೊಂದನ್ನು ಬರೆದಿಟ್ಟು ಮುಂದೆ ಹೋಗುತ್ತಾನೆ. ಈ ಟಿಪ್ಪಣಿಯಲ್ಲಿ ಏನು ಬರೆದಿದೆ, ಏನು ಬಿಟ್ಟುಹೋಗಿದೆ ಎಂಬುದರ ಮೇಲೆ ನಮ್ಮ ಅರ್ಜಿಗಳ ಹಣೆಬರಹ ನಿಂತಿದೆ.

ಬರುವ ಉತ್ತರದ ಸ್ವರೂಪವನ್ನು ಈಗ ನೋಡೋಣ. ಅದಕ್ಕೆ ಮೂರು ಭಾಗಗಳು. ಮೊದಲನೆಯದು ಮೂರು ಅಂಕಿಗಳ ಒಂದು ಸಂಖ್ಯೆ. ಎರಡನೆಯದು ಲಕೋಟೆಯ ಮೇಲಿನ ವಿವರಗಳಂತಿರುವ ಕೆಲವು ಸಾಲುಗಳು. ಒಳಗಿರುವುದು ಯಾವ ಬಗೆಯದು, ಯಾವ ಅಕ್ಷರಕ್ರಮದ್ದು, ಎಷ್ಟು ಉದ್ದದ್ದು ಎಂಬುದನ್ನು ಅವು ತಿಳಿಸುತ್ತವೆ. ಮೂರನೆಯದು ಒಳಗಿನ ಒಕ್ಕಣೆ. ಸಂಖ್ಯೆಯ ಮೊದಲ ಅಂಕಿಯೇ ಮುಖ್ಯ. ಎರಡರಿಂದ ಮೊದಲಾದರೆ ಕೆಲಸವಾಯಿತೆಂದರ್ಥ: ೨೦೦ ಎಂದರೆ ಸರಿ, ೨೦೧ ಎಂದರೆ ಹೊಸದೊಂದು ದಾಖಲೆ ಸೃಷ್ಟಿಯಾಯಿತು, ೨೦೪ ಎಂದರೆ ಕೆಲಸವಾಯಿತು, ಹೇಳುವುದೇನೂ ಇಲ್ಲ. ಮೂರರಿಂದ ಮೊದಲಾದರೆ ಬೇರೆ ಕಡೆ ನೋಡು ಎಂದೋ, ನಿನ್ನಲ್ಲಿರುವ ಹಳೆಯ ಪ್ರತಿಯೇ ಸಾಕು ಎಂದೋ ಅರ್ಥ. ನಾಲ್ಕರಿಂದ ಮೊದಲಾದರೆ ತಪ್ಪು ಕೇಳಿದವನದು: ೪೦೦ ಎಂದರೆ ಕೇಳಿದ ರೀತಿ ಸರಿಯಿಲ್ಲ, ೪೦೧ ಎಂದರೆ ನೀನು ಯಾರೆಂದು ಮೊದಲು ತೋರಿಸು, ೪೦೩ ಎಂದರೆ ನಿನಗೆ ಅಧಿಕಾರವಿಲ್ಲ, ೪೦೪ ಎಂದರೆ ಅಂಥದು ಇಲ್ಲಿಲ್ಲ. ಐದರಿಂದ ಮೊದಲಾದರೆ ತಪ್ಪು ಸರ್ವರಿನದು: ೫೦೦ ಎಂದರೆ ಒಳಗೆ ಏನೋ ಮುರಿದಿದೆ, ೫೦೩ ಎಂದರೆ ಸದ್ಯಕ್ಕೆ ಸೇವೆಯಿಲ್ಲ, ೫೦೪ ಎಂದರೆ ಒಳಗಿನವರಿಂದ ಹೊತ್ತಿಗೆ ಸರಿಯಾಗಿ ಜವಾಬು ಬರಲಿಲ್ಲ.

ಇಲ್ಲಿಯೇ ಮೊದಲನೆಯ ಹಳ್ಳ. ಉತ್ತರ ಬಂದಿತು ಎಂದ ಮಾತ್ರಕ್ಕೆ ಒಪ್ಪಿಗೆ ಬಂದಿತು ಎಂದಲ್ಲ. ಕೆಲಸಕ್ಕೆ ಅರ್ಜಿ ಹಾಕಿದವನು ಅಂಚೆಯವನು ಕಾಗದ ತಂದನೆಂದು ಒಡೆಯದೆಯೇ ಸಿಹಿ ಹಂಚಿದರೆ ಏನಾದೀತು? ಹಳೆಯ ಸಾಧನದಲ್ಲಿ ಕೋರಿಕೆಯ ಸ್ಥಿತಿಯನ್ನು ೦ಯಿಂದ ೪ರವರೆಗಿನ ಅಂಕಿಗಳಿಂದ ಸೂಚಿಸುತ್ತಿದ್ದರು. ೪ ಎಂದರೆ ಮುಗಿಯಿತು ಎಂದರ್ಥ; ಗೆದ್ದಿತು ಎಂದಲ್ಲ. ಎಷ್ಟೋ ಮಂದಿ ೪ನ್ನು ಕಂಡೊಡನೆ ಹಸಿರು ಅಕ್ಷರ ತೋರಿಸಿಬಿಡುತ್ತಿದ್ದರು. ೨೦೧೫ರಿಂದ ಬ್ರೌಸರುಗಳಿಗೆ ಬಂದ ‘ಫೆಚ್’ ಎಂಬ ಹೊಸ ಸಾಧನ ಬಳಸಲು ಸುಲಭ; ಆದರೆ ಈ ಹಳ್ಳ ಅದರಲ್ಲಿಯೂ ಉಂಟು. ಫೆಚ್ ಒಂದು ವಾಗ್ದಾನವನ್ನು ಕೊಡುತ್ತದೆ. ಉತ್ತರ ಬಂದರೆ ವಾಗ್ದಾನ ಈಡೇರಿತೆಂದು ಲೆಕ್ಕ, ಆ ಉತ್ತರ ೪೦೪ ಆಗಿರಲಿ, ೫೦೩ ಆಗಿರಲಿ. ದಾರಿಯೇ ಕಡಿದುಹೋದಾಗ ಮಾತ್ರ ಅದು ಸೋಲನ್ನು ಒಪ್ಪಿಕೊಳ್ಳುತ್ತದೆ. ಬಂದ ಉತ್ತರದಲ್ಲಿ ‘ಓಕೆ’ ಎಂಬ ಒಂದು ಗುರುತಿರುತ್ತದೆ. ಸಂಖ್ಯೆ ೨೦೦ರಿಂದ ೨೯೯ರೊಳಗೆ ಇದ್ದರೆ ಮಾತ್ರ ಅದು ನಿಜ. ಪುಟವನ್ನು ಬರೆದವರು ಆ ಗುರುತನ್ನು ತಾವಾಗಿಯೇ ನೋಡಬೇಕು. ನೋಡುವ ಸಾಲು ಒಂದೇ ಒಂದು. ನನ್ನ ಅರ್ಜಿಯ ಪುಟವನ್ನು ಬರೆದವರು ಬಿಟ್ಟದ್ದು ಆ ಒಂದು ಸಾಲನ್ನು.

ಇಷ್ಟನ್ನು ನೋಡಿದರೂ ಸಾಲದು. ಕೆಲವು ಸರ್ವರುಗಳು ಲಕೋಟೆಯ ಮೇಲೆ ೨೦೦ ಎಂದು ಬರೆದು, ಒಳಗೆ “ನಿಮ್ಮ ಅರ್ಜಿಯಲ್ಲಿ ದೋಷವಿದೆ” ಎಂದು ಇಟ್ಟಿರುತ್ತವೆ. ಆದುದರಿಂದ ಒಳಗಿನ ಒಕ್ಕಣೆಯನ್ನೂ ಓದಬೇಕು. ಅರ್ಜಿಯ ವಿಷಯದಲ್ಲಿ ನಂಬತಕ್ಕ ಸಾಕ್ಷಿಯೆಂದರೆ ಸರ್ವರು ತಾನೇ ಕೊಟ್ಟ ಅರ್ಜಿಯ ಸಂಖ್ಯೆ. ಸಂಖ್ಯೆ ಬಂದರೆ ದಾಖಲೆ ಹುಟ್ಟಿದೆ. ಇಲ್ಲದಿದ್ದರೆ ಹಸಿರು ಅಕ್ಷರಗಳು ಬರಿಯ ಬಣ್ಣ. ಆ ರಾತ್ರಿ ನನ್ನ ಪುಟದಲ್ಲಿ ಸಂಖ್ಯೆ ಇರಲಿಲ್ಲ. ನನಗಾದರೂ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಎರಡನೆಯ ಹಳ್ಳ ಇದಕ್ಕಿಂತ ಆಳವಾದದ್ದು. ಅದು ನನ್ನ ಗೆಳೆಯ ಬಿದ್ದದ್ದು. ಉತ್ತರ ಬರಲಿಲ್ಲ ಎಂದರೆ ಇಲ್ಲವೆಂಬ ಉತ್ತರ ಬಂದಿತು ಎಂದಲ್ಲ. ಉತ್ತರ ಬಾರದಿರುವುದಕ್ಕೆ ಮೂರು ಕಾರಣಗಳಿರಬಹುದು. ಪ್ರಶ್ನೆಯೇ ದಾರಿಯಲ್ಲಿ ಕಳೆದುಹೋಗಿರಬಹುದು. ಪ್ರಶ್ನೆ ತಲುಪಿ, ಸರ್ವರು ಕೆಲಸದ ನಡುವೆ ಕುಸಿದಿರಬಹುದು. ಅಥವಾ ಪ್ರಶ್ನೆ ತಲುಪಿ, ಕೆಲಸವೂ ಪೂರ್ತಿಯಾಗಿ, ಉತ್ತರ ಮಾತ್ರ ಹಿಂದಿರುಗುವ ದಾರಿಯಲ್ಲಿ ಕಳೆದುಹೋಗಿರಬಹುದು. ಮೊದಲನೆಯದರಲ್ಲಿ ಹಣ ಹೋಗಿಲ್ಲ; ಮೂರನೆಯದರಲ್ಲಿ ಹೋಗಿದೆ; ಎರಡನೆಯದರಲ್ಲಿ ಎರಡೂ ಸಾಧ್ಯ. ಸೋಜಿಗವೆಂದರೆ, ಬ್ರೌಸರಿನ ಕಡೆಯಿಂದ ನೋಡಿದರೆ ಮೂರೂ ಒಂದೇ ತೆರ: ಸುತ್ತುವ ಚಕ್ರ. ಎಷ್ಟೇ ಜಾಣತನದಿಂದ ಪುಟವನ್ನು ಬರೆದರೂ ಇವುಗಳ ವ್ಯತ್ಯಾಸವನ್ನು ಪುಟ ತಾನಾಗಿ ಕಂಡುಹಿಡಿಯಲಾರದು.

ಹಾಗಾದರೆ ಮತ್ತೆ ಕೇಳಬಹುದೆ? ಅದು ಏನನ್ನು ಕೇಳುತ್ತಿದ್ದೇವೆ ಎಂಬುದರ ಮೇಲೆ ಹೋಗುತ್ತದೆ. ಲಿಫ್ಟಿನ ಗುಂಡಿಯನ್ನು ಹತ್ತು ಸಲ ಒತ್ತಿದರೂ ಬರುವ ಲಿಫ್ಟು ಒಂದೇ. ದೇವಸ್ಥಾನದ ಹುಂಡಿಗೆ ಹತ್ತು ಸಲ ಹಣ ಹಾಕಿದರೆ ಹತ್ತು ಸಲವೂ ಹಣ ಹೋಯಿತೆಂದೇ ಲೆಕ್ಕ. ವೆಬ್ಬಿನ ಕೋರಿಕೆಗಳಲ್ಲೂ ಈ ಎರಡು ಜಾತಿ ಇವೆ. ಮಾಹಿತಿಯನ್ನು ಓದುವ ‘ಗೆಟ್’, ಇರುವ ದಾಖಲೆಯ ಜಾಗದಲ್ಲಿ ಬೇರೊಂದನ್ನು ಇಡುವ ‘ಪುಟ್’, ಅಳಿಸುವ ‘ಡಿಲೀಟ್’ ಇವು ಲಿಫ್ಟಿನ ಜಾತಿ. ಮತ್ತೆ ಕಳುಹಿಸಿದರೆ ಹಾನಿಯಿಲ್ಲದಂತೆ ಇವನ್ನು ನಡೆಸಬೇಕೆಂಬುದು ನಿಯಮ. ಹೊಸದನ್ನು ಸೇರಿಸುವ, ಹಣ ಕಟ್ಟುವ ‘ಪೋಸ್ಟ್’ ಎಂಬುದು ಹುಂಡಿಯ ಜಾತಿ. ಸೆಂಟರಿನ ಹುಡುಗ ಹುಂಡಿಯನ್ನು ಲಿಫ್ಟು ಎಂದುಕೊಂಡ. ಅವನದೇನೂ ತಪ್ಪಿಲ್ಲ, ಎರಡಕ್ಕೂ ಗುಂಡಿ ಒಂದೇ ತೆರನಾಗಿದ್ದರೆ ಯಾರಿಗೆ ತಿಳಿದೀತು?

ಇದಕ್ಕೆ ಪರಿಹಾರವೇ ಇಲ್ಲವೆಂದಲ್ಲ. ಒಮ್ಮೆ ಒತ್ತಿದ ಮೇಲೆ ಉತ್ತರ ಬರುವವರೆಗೆ ಗುಂಡಿಯನ್ನು ನಿಷ್ಕ್ರಿಯಗೊಳಿಸುವುದು ಮೊದಲನೆಯ ಉಪಾಯ. ಆದರೆ ಬೇಸತ್ತವನು ಪುಟವನ್ನೇ ಮುಚ್ಚಿ ಮತ್ತೆ ತೆರೆದರೆ ಈ ಉಪಾಯ ಕೆಡುತ್ತದೆ. ನಿಜವಾದ ಉಪಾಯ ಚೀಟಿಯ ಉಪಾಯ. ಹಣ ಕಟ್ಟುವ ಪ್ರತಿಯೊಂದು ಉದ್ದೇಶಕ್ಕೂ ಒಂದೊಂದು ಬೇರೆ ಸಂಖ್ಯೆಯನ್ನು ಮೊದಲೇ ಗೊತ್ತುಮಾಡಿ, ಕೋರಿಕೆಯೊಂದಿಗೆ ಕಳುಹಿಸಬೇಕು. ಮತ್ತೆ ಕಳುಹಿಸುವಾಗಲೂ ಅದೇ ಸಂಖ್ಯೆ. ಸರ್ವರು ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುತ್ತದೆ. ಅದೇ ಸಂಖ್ಯೆ ಮತ್ತೆ ಬಂದರೆ ಹಣವನ್ನು ಕಡಿತ ಮಾಡದೆ, ಮೊದಲ ಸಲದ ಉತ್ತರವನ್ನೇ ಇನ್ನೊಮ್ಮೆ ಕಳುಹಿಸುತ್ತದೆ. ಹುಂಡಿಯ ಕೆಲಸ ಲಿಫ್ಟಿನ ಕೆಲಸವಾಗುತ್ತದೆ. ಇದು ಪುಟ ಬರೆಯುವವರೂ ಸರ್ವರು ನಡೆಸುವವರೂ ಕೂಡಿ ಮಾಡಬೇಕಾದ ಕೆಲಸ; ಒಬ್ಬರಿಂದಾಗದು.

ಎಷ್ಟು ಹೊತ್ತು ಕಾಯಬೇಕೆಂಬುದೂ ಒಂದು ಪ್ರಶ್ನೆ. ಫೆಚ್ ಎಂಬುದು ತಾನಾಗಿ ಕಾಲಮಿತಿಯನ್ನು ಕೇಳುವುದಿಲ್ಲ. ಇಷ್ಟು ಹೊತ್ತು ಕಾದು ಬಿಟ್ಟುಬಿಡು ಎಂದು ಪುಟ ಬರೆದವರೇ ಹೇಳಬೇಕು. ಮತ್ತೆ ಕೇಳುವುದಕ್ಕೂ ಒಂದು ಮರ್ಯಾದೆ ಉಂಟು. ಕಡೆಯ ದಿನದ ರಾತ್ರಿ ಸಾವಿರಾರು ಪುಟಗಳು ಉತ್ತರ ಬಾರದೆ, ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಬಾಗಿಲು ತಟ್ಟಿದರೆ, ಚೇತರಿಸಿಕೊಳ್ಳಬಹುದಾಗಿದ್ದ ಸರ್ವರೂ ಮಲಗಿಬಿಡುತ್ತದೆ. ಅದಕ್ಕಾಗಿ ಒಂದು, ಎರಡು, ನಾಲ್ಕು, ಎಂಟು ಸೆಕೆಂಡು ಎಂದು ಬಿಡುವನ್ನು ಇಮ್ಮಡಿಸುತ್ತಾ ಹೋಗಬೇಕು. ಎಲ್ಲರೂ ಒಟ್ಟಿಗೆ ತಟ್ಟದಂತೆ ಆ ಬಿಡುವಿನಲ್ಲಿ ತುಸು ಹೆಚ್ಚುಕಡಿಮೆಯನ್ನೂ ಬೆರೆಸಬೇಕು. ೫೦೩ ಎಂದಾಗ, ಅಥವಾ ಬಹಳ ಸಲ ಕೇಳಿದೆ ಎಂಬರ್ಥದ ೪೨೯ ಬಂದಾಗ, ಎಷ್ಟು ಹೊತ್ತು ಬಿಟ್ಟು ಬರಬೇಕೆಂದು ಸರ್ವರು ಲಕೋಟೆಯ ಮೇಲೆಯೇ ಬರೆದಿರಬಹುದು. ಅದನ್ನು ಪಾಲಿಸುವುದು ಮೇಲು. ೪೦೦, ೪೦೩ ಮೊದಲಾದುವು ಬಂದಾಗ ಅದನ್ನೇ ಮತ್ತೆ ಕಳುಹಿಸಿ ಪ್ರಯೋಜನವಿಲ್ಲ, ತಪ್ಪನ್ನು ತಿದ್ದಬೇಕು.

ಮೂರನೆಯ ಹಳ್ಳ ಉತ್ತರಗಳ ಸರದಿಯದು. ಕಳುಹಿಸಿದ ಸರದಿಯಲ್ಲೇ ಉತ್ತರಗಳು ಬರುತ್ತವೆಂಬ ನಿಯಮವಿಲ್ಲ. ಅರ್ಜಿಯಲ್ಲಿ ಒಬ್ಬ ವಿದ್ಯಾರ್ಥಿ ಕೈತಪ್ಪಿ ಮಂಡ್ಯ ಜಿಲ್ಲೆಯನ್ನು ಆರಿಸಿದನೆನ್ನಿ. ಕೂಡಲೆ ತಿದ್ದಿಕೊಂಡು ಮೈಸೂರನ್ನು ಆರಿಸಿದ. ಪುಟದಿಂದ ಎರಡು ಪ್ರಶ್ನೆಗಳು ಹೋದವು. ಮೈಸೂರಿನ ಉತ್ತರ ಬೇಗ ಬಂದಿತು. ಹುಣಸೂರು, ನಂಜನಗೂಡು ಎಂದು ಪಟ್ಟಿ ಮೂಡಿತು. ಅರೆಗಳಿಗೆಯ ಮೇಲೆ ಮಂಡ್ಯದ ಉತ್ತರ ತಡವಾಗಿ ಬಂದು ಆ ಪಟ್ಟಿಯನ್ನು ಅಳಿಸಿ, ಮದ್ದೂರು, ಮಳವಳ್ಳಿ, ನಾಗಮಂಗಲ ಎಂದು ಬರೆಯಿತು. ಈಗ ಮೇಲೆ ಮೈಸೂರು ಜಿಲ್ಲೆ, ಕೆಳಗೆ ಮಂಡ್ಯದ ತಾಲ್ಲೂಕುಗಳು! ಹುಡುಕುವ ಪೆಟ್ಟಿಗೆಯಲ್ಲಿ ಅಕ್ಷರ ಬರೆದಂತೆಲ್ಲ ಸೂಚನೆಗಳು ಬರುವ ಸೌಲಭ್ಯವನ್ನು ಗೂಗಲ್‌ನವರು ೨೦೦೪ರ ಡಿಸೆಂಬರಿನಲ್ಲಿ ಪ್ರಯೋಗಕ್ಕೆ ಬಿಟ್ಟರು. ಅಂಥ ಪೆಟ್ಟಿಗೆಗಳಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಪ್ರಶ್ನೆ ಹೋಗುವುದರಿಂದ ಈ ತೊಡಕು ಇನ್ನೂ ಹೆಚ್ಚು.

ಇದಕ್ಕೆ ಪರಿಹಾರ ಸುಲಭ. ಪ್ರತಿಯೊಂದು ಪ್ರಶ್ನೆಗೂ ಕ್ರಮಸಂಖ್ಯೆ ಹಾಕಿ, ಬಂದ ಉತ್ತರ ಎಲ್ಲಕ್ಕಿಂತ ಈಚಿನ ಪ್ರಶ್ನೆಯದಾದರೆ ಮಾತ್ರ ತೆಗೆದುಕೊಳ್ಳಬೇಕು, ಹಳೆಯದಾದರೆ ಬಿಸಾಡಬೇಕು. ಹೊಸ ಪ್ರಶ್ನೆ ಕಳುಹಿಸುವಾಗ ಹಳೆಯದನ್ನು ರದ್ದುಮಾಡುವ ‘ಅಬಾರ್ಟ್ ಕಂಟ್ರೋಲರ್’ ಎಂಬ ಸಾಧನವೂ ೨೦೧೭-೧೮ರ ಸುಮಾರಿನಲ್ಲಿ ಬ್ರೌಸರುಗಳಿಗೆ ಬಂದಿದೆ. ಒಂದು ಎಚ್ಚರಿಕೆ ಮಾತ್ರ ಬೇಕು. ರದ್ದುಮಾಡಿದರೆ ನಾವು ಕೇಳಿಸಿಕೊಳ್ಳುವುದನ್ನು ನಿಲ್ಲಿಸಿದಂತೆ. ಸರ್ವರು ಮಾಡುವುದನ್ನು ನಿಲ್ಲಿಸಿದಂತೆ ಅಲ್ಲ. ತಾಲ್ಲೂಕಿನ ಪಟ್ಟಿಗಾದರೆ ಚಿಂತೆಯಿಲ್ಲ. ಶುಲ್ಕ ಕಟ್ಟುವಾಗ ರದ್ದುಮಾಡಿ ನೆಮ್ಮದಿಯಾಗಿರುವುದು ಹುಂಬತನ.

ಇನ್ನು ಒಳಗಿನ ಒಕ್ಕಣೆ. ಹಿಂದೆ ಅದು ಎಕ್ಸ್‌ಎಮ್‌ಎಲ್ ಎಂಬ ರೂಪದಲ್ಲಿರುತ್ತಿತ್ತು. ಈಗ ಬಹುಮಟ್ಟಿಗೆ ಜೇಸನ್ ಎಂಬ ಹಗುರವಾದ ರೂಪದಲ್ಲಿರುತ್ತದೆ. ಇದನ್ನು ೨೦೦೦ದ ದಶಕದ ಆರಂಭದಲ್ಲಿ ಬಳಕೆಗೆ ತಂದವರು ಡಗ್ಲಸ್ ಕ್ರಾಕ್‌ಫರ್ಡ್. ಜೇಸನ್ ಬರುವುದೆಂದು ನಂಬಿ ಬಿಚ್ಚಿದರೆ, ನಡುವಿನ ಯಾವುದೋ ಕಂಪ್ಯೂಟರು “ಸೇವೆ ಸ್ಥಗಿತವಾಗಿದೆ” ಎಂದು ಸಾಮಾನ್ಯ ಪುಟವೊಂದನ್ನು ಇಟ್ಟು ಕಳುಹಿಸಿರುವುದುಂಟು. ಆಗ ಬಿಚ್ಚುವ ಕೆಲಸವೇ ಮುರಿದುಬಿದ್ದು, ಟಿಪ್ಪಣಿಯ ಮುಂದಿನ ಸಾಲುಗಳಾವುವೂ ನಡೆಯದೆ, ಚಕ್ರ ಸುತ್ತುತ್ತಲೇ ಉಳಿಯುತ್ತದೆ. ನಾವು ಗಂಟೆಗಟ್ಟಲೆ ನೋಡಿದ ಎಷ್ಟೋ ಚಕ್ರಗಳ ಹಿಂದೆ ಉತ್ತರ ಎಂದೋ ಬಂದು ಬಿದ್ದಿರುತ್ತದೆ! ಇನ್ನೊಂದು ಅಪಾಯವೂ ಉಂಟು. ಬಂದ ಮಾತನ್ನು ಮಾತೆಂದೇ ಪುಟದಲ್ಲಿ ಬರೆಯಬೇಕು. ಅದನ್ನು ಪುಟದ ಭಾಗವೆಂದು ನೇರವಾಗಿ ಸೇರಿಸಿದರೆ, ಕೆಡುಕರು ತಮ್ಮ ಹೆಸರಿನ ಜಾಗದಲ್ಲಿ ತುಂಬಿಟ್ಟ ಆಜ್ಞೆಗಳು ನಮ್ಮ ಬ್ರೌಸರಿನಲ್ಲಿ ನಡೆದುಬಿಡುತ್ತವೆ.

ಕನ್ನಡದವರಾದ ನಾವು ತಿಳಿಯಬೇಕಾದ ಸ್ವಾರಸ್ಯವೊಂದು ಇಲ್ಲಿದೆ. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟಿನಷ್ಟು ಜಾಗದಲ್ಲಿ ಪ್ರಯಾಣ ಮಾಡುತ್ತದೆ. ಯುಟಿಎಫ್-೮ ಎಂಬ ಇಂದಿನ ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ‘ಕನ್ನಡ’ ಎಂಬ ಮಾತಿನಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂದು ಐದು ಚಿಹ್ನೆಗಳು. ಒಟ್ಟು ಹದಿನೈದು ಬೈಟು. ದೊಡ್ಡ ಉತ್ತರಗಳು ಒಂದೇ ಸಲ ಬಾರದೆ ತುಂಡುತುಂಡಾಗಿ ಬರುತ್ತವೆ. ತುಂಡು ಅಕ್ಷರದ ನಡುವೆಯೇ ಕಡಿದಿರಬಹುದು. ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಓದಹೊರಟರೆ ಕಡಿದ ಜಾಗದಲ್ಲಿ ಅಕ್ಷರ ಹೋಗಿ ಪ್ರಶ್ನಾರ್ಥಕದ ಚೌಕ ಮೂಡುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ ನೋಡಿದವರಿಗೆ ಈ ತಪ್ಪು ಎಂದೂ ಕಾಣುವುದಿಲ್ಲ, ಅಲ್ಲಿ ಒಡೆಯುವುದಕ್ಕೆ ಅಕ್ಷರದ ನಡುವೆಂಬುದೇ ಇಲ್ಲವಲ್ಲ! ಉತ್ತರ ಪೂರ್ತಿಯಾಗಿ ಬಂದ ಮೇಲೆ ಓದುವುದು, ಇಲ್ಲವೆ ಅರ್ಧ ಉಳಿದ ಅಕ್ಷರವನ್ನು ಮುಂದಿನ ತುಂಡಿಗೆ ಕೂಡಿಸಿ ಓದುವುದು ಇದಕ್ಕೆ ಮದ್ದು.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಕಡೆಯ ಕೆಲಸ: ಕುಳಿತಿರುವ ಮನುಷ್ಯನಿಗೆ ತಿಳಿಸುವುದು. ಇದು ಯಂತ್ರದ ಕೆಲಸವಲ್ಲ, ಭಾಷೆಯ ಕೆಲಸ. ಆದ್ದರಿಂದಲೇ ಕಲಾ ವಿಭಾಗದವರಾದ ನಮಗೂ ಇಲ್ಲಿ ಹಕ್ಕಿದೆಯೆಂದು ನಾನು ತಿಳಿದಿದ್ದೇನೆ. ಬಹಳಷ್ಟು ಪುಟಗಳಲ್ಲಿ ಎರಡೇ ವಾಕ್ಯಗಳಿರುತ್ತವೆ: ಆಯಿತು, ಆಗಲಿಲ್ಲ. ಬೇಕಾದುವು ಮೂರು. “ನಿಮ್ಮ ಅರ್ಜಿ ದಾಖಲಾಗಿದೆ, ಅರ್ಜಿಯ ಸಂಖ್ಯೆ ಇಂಥದು” ಎಂಬುದು ಒಂದು. “ನಿಮ್ಮ ಅರ್ಜಿ ದಾಖಲಾಗಿಲ್ಲ, ಕಾರಣ ಹೀಗಿದೆ, ನೀವು ತುಂಬಿದ್ದೆಲ್ಲ ಹಾಗೆಯೇ ಉಳಿದಿದೆ” ಎಂಬುದು ಎರಡನೆಯದು. “ಹಣ ಸಂದಾಯವಾಯಿತೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ, ಮತ್ತೆ ಕಟ್ಟಬೇಡಿ, ಸ್ವಲ್ಪ ಹೊತ್ತಿನ ಮೇಲೆ ಇಲ್ಲಿ ನೋಡಿ” ಎಂಬುದು ಮೂರನೆಯದು. ಈ ಮೂರನೆಯ ವಾಕ್ಯವನ್ನು ಬರೆಯಲು ಯಾರೂ ಇಷ್ಟಪಡುವುದಿಲ್ಲ, ‘ಗೊತ್ತಿಲ್ಲ’ ಎನ್ನುವುದು ಅವಮಾನವೆಂದು ತಿಳಿಯುತ್ತಾರೆ. ಆದರೆ ಆ ರಾತ್ರಿ ಚಕ್ರದ ಜಾಗದಲ್ಲಿ ಆ ಒಂದು ವಾಕ್ಯವಿದ್ದಿದ್ದರೆ ನನ್ನ ಗೆಳೆಯ ಎರಡನೆಯ ಸಲ ಒತ್ತುತ್ತಿರಲಿಲ್ಲ. ಕಣ್ಣು ಕಾಣದವರು ಪುಟವನ್ನು ಓದಿಹೇಳುವ ಸಾಧನದಿಂದ ಕೇಳಿಸಿಕೊಳ್ಳುತ್ತಾರೆ. ಸದ್ದಿಲ್ಲದೆ ಬದಲಾದ ಸಾಲು ಅವರಿಗೆ ತಿಳಿಯದು. ಬದಲಾವಣೆಯನ್ನು ಗಟ್ಟಿಯಾಗಿ ಹೇಳೆಂದು ಸೂಚಿಸುವ ಗುರುತನ್ನು ಆ ಜಾಗಕ್ಕೆ ಹಾಕಬೇಕು. ಅದೂ ಒಂದೇ ಮಾತಿನ ಕೆಲಸ.

ಪುಟಗಳನ್ನು ಬರೆಯುವವರು ಬರೆಯುವುದನ್ನು ಕಲಿಯಲಿ. ಅಲ್ಲಿಯವರೆಗೆ ನಾವು ಮಾಡತಕ್ಕದ್ದಿಷ್ಟು: ಸಲ್ಲಿಸಿದ ಮೇಲೆ ಹಸಿರು ಬಣ್ಣವನ್ನು ನೋಡದೆ ಅರ್ಜಿಯ ಸಂಖ್ಯೆಯನ್ನು ಹುಡುಕಿ ಬರೆದುಕೊಳ್ಳುವುದು, ಹಣದ ಪುಟದಲ್ಲಿ ಚಕ್ರ ನಿಲ್ಲದಿದ್ದರೆ ಮತ್ತೆ ಒತ್ತುವ ಮೊದಲು ಬ್ಯಾಂಕಿನ ಲೆಕ್ಕವನ್ನೂ, ಆ ಪುಟದಲ್ಲೇ ಹಿಂದಿನ ಪಾವತಿಗಳ ಪಟ್ಟಿಯಿದ್ದರೆ ಅದನ್ನೂ ನೋಡುವುದು, ಕಡೆಯ ದಿನದವರೆಗೆ ಕಾಯದಿರುವುದು. ಆ ಮರುವರ್ಷದ ರಾತ್ರಿ ೫೦೩ನ್ನು ಕಂಡ ಮೇಲೆ ನಾನು ಮನೆಗೆ ಹೋಗಲಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಸಲ್ಲಿಸಿದೆ. ಹಿಂದಿನಂತೆಯೇ ಹಸಿರು ಅಕ್ಷರಗಳು ಬಂದವು. ಆದರೆ ಈ ಸಲ ಕೆಳಗೆ ೨೦೧ ಎಂದಿದ್ದಿತು, ಒಕ್ಕಣೆಯಲ್ಲಿ ನನ್ನ ಅರ್ಜಿಯ ಸಂಖ್ಯೆಯೂ ಇದ್ದಿತು. ಅದನ್ನು ಅಂಗೈಯ ಮೇಲೆ ಬರೆದುಕೊಂಡು ಮನೆಗೆ ಹೋದೆ. ಆ ವರ್ಷದ ಪಟ್ಟಿಯಲ್ಲಿ ನನ್ನ ಹೆಸರಿದ್ದಿತು.